ಬುಧ ಹಿಂದೆ ಹೋದಾಗ ತಿದ್ದಿದ ಬೋರ್ಡು

ಕಡಲತೀರದ ಕೋಡಿಯ ಐಸ್ ಪ್ಲಾಂಟಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಅಲ್ಲಿನ ಧಣಿಗಳಿಗೊಂದು ಪದ್ಧತಿಯಿತ್ತು. ಪಂಚಾಂಗದಲ್ಲಿ ಬುಧ ವಕ್ರನಾಗಿ ಹಿಂದಕ್ಕೆ ಚಲಿಸುವ ಮೂರು ವಾರ ಹೊಸ ಕಾಗದ ಬರೆಸುತ್ತಿರಲಿಲ್ಲ. ಹಳೆಯದನ್ನೇ ಓದಿಸಿ, ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿ ಕೇಳಿ ತಿದ್ದಿಸುತ್ತಿದ್ದರು.

“ಬುಧ ಹಿಂದೆ ಹೋಪತಿಗೆ ನಾವೂ ಹಿಂದೆ ಹೋಯಿ ಕಾಂಬ.”

ಒಮ್ಮೆ, ಐಸ್ ಕಟ್ಟಿಸುವ ಅಮೋನಿಯಾ ಅನಿಲ ಸೋರಿದರೆ ಏನು ಮಾಡಬೇಕೆಂಬ ಗೋಡೆಯ ಬೋರ್ಡಿನ ಸರದಿ ಬಂತು. ಬಿ.ಕಾಂ. ಹುರುಪಿನಲ್ಲಿ ನಾನೇ ಬರೆದ ಹದಿನಾಲ್ಕು ಸಾಲು. “ಸಂಬಂಧಪಟ್ಟ ಸಿಬ್ಬಂದಿ ವರ್ಗದವರು” ಎಂದು ಓದುವಷ್ಟರಲ್ಲಿ ಧಣಿಗಳು ಕೈಯೆತ್ತಿದರು.

“ಹ್ವಾಯ್, ನೀ ಓದಿ ಮುಗ್ಸೂದ್ರೊಳ್ಗೆ ಜನ ಸತ್ತೇ ಹೋತ್ರ್.”

ಮುನಿಸಿಕೊಂಡೇ ಎರಡು ಸಾಲಿಗಿಳಿಸಿದೆ: ಕಣ್ಣು ಉರಿದರೆ ಓಡಿ. ಗಾಳಿ ಬರುವ ಕಡೆಗೆ ಓಡಿ.

ವಾರದೊಳಗೆ ಪೈಪು ಒಡೆಯಿತು. ಎಲ್ಲೆಲ್ಲೂ ಬಿಳಿ ಹೊಗೆ. ನನ್ನ ಕಾಲು ಅಭ್ಯಾಸದಂತೆ ಗೇಟಿನತ್ತ, ಹೊಗೆ ಹೋಗುತ್ತಿದ್ದ ಕಡೆಗೇ ತಿರುಗಿತ್ತು. ಆಗ ಆ ಎರಡು ಸಾಲು ನೆನಪಾಗಿ, ಗಾಳಿ ಬರುತ್ತಿದ್ದ ಸಮುದ್ರದ ಕಡೆ ಓಡಿದೆ. ಕೆಲಸದವರೆಲ್ಲ ಆಗಲೇ ಅಲ್ಲಿದ್ದರು. ಈಗಲೂ ಫ್ರಿಜ್ಜಿನ ಬಾಗಿಲು ತೆರೆದು ಬಿಳಿ ಹಬೆ ಹೊರಬಂದಾಗ ನನ್ನ ಕಾಲು ಒಮ್ಮೆ, ಇಲ್ಲಿಲ್ಲದ ಆ ಗೇಟಿನತ್ತ ತಿರುಗುತ್ತದೆ.

ಧಣಿಗಳು ಕೊನೆಯವರಾಗಿ ಬಂದರು, ಒದ್ದೆ ಬೈರಾಸು ಮೂಗಿಗೊತ್ತಿಕೊಂಡು. ಕೆಮ್ಮು ನಿಲ್ಲುವ ಮೊದಲೇ ನನ್ನನ್ನು ಹುಡುಕಿದರು.

“ಬೋರ್ಡಿಗೆ ಒದ್ದೆ ಬಟ್ಟೆದೂ ಒಂದ್ ಸಾಲ್ ಹಾಕ್ವ. ಬುಧ ಇನ್ನೂ ವಕ್ರವೇ ಇತ್ತಲೆ.”