ಹೊಟ್ಟೆ ಸೀಳಿದ ಜಲ್ಲಿ ಗುಡ್ಡೆ

ಕಲ್ಲೇಶಪ್ಪ ಸರ್ಕಾರಿ ರಸ್ತೆ ಮೇಸ್ತ್ರಿ. ಊರು ಕೊಡ್ಲಿಪೇಟೆ ಕಡೆ, ಕೆಲಸ ಅಮ್ಮತ್ತಿ ರಸ್ತೆಯಲ್ಲಿ. ಇಂಗ್ಲಿಷರ ಆ ಕಾಲದಲ್ಲಿ ಮಳೆ ಹಿಂದೆ ಸರಿದ ಮೇಲೆ ಕಂಟ್ರಾಕ್ಟರುಗಳು ರಸ್ತೆಯ ಪಕ್ಕದಲ್ಲಿ ಜಲ್ಲಿ ಗುಡ್ಡೆ ಹಾಕಿಸುತ್ತಿದ್ದರು. ಮೇಸ್ತ್ರಿ ಅಳತೆ ಹಿಡಿದು ಗುಡ್ಡೆಯ ಮೇಲೆ ಸುಣ್ಣದ ನೀರು ಚಿಮುಕಿಸಿದರೆ ಬಿಲ್ಲು ಪಾಸಾದಂತೆಯೇ. ಒಳಗೇನಿದೆ ಎಂದು ಸುಣ್ಣ ಕೇಳುತ್ತದೆಯೇ? ಒಳಗೆ ಮಣ್ಣು ತುಂಬಿ ಮೇಲೊಂದು ಗೇಣು ಜಲ್ಲಿ ಹರಡುವುದು ಕಂಟ್ರಾಕ್ಟರುಗಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಮುಂದಿನ ವರ್ಷ ಗಾಡಿಗಳು ಕೆಸರಿನಲ್ಲಿ ಹೂತುಹೋದಾಗ ಜನ ಪಾಪದ ಮಳೆಯನ್ನು ಬೈಯುತ್ತಿದ್ದರು.

ಕಲ್ಲೇಶಪ್ಪ ಬಂದ ಮೇಲೆ ಒಂದು ಪದ್ಧತಿ ಮಾಡಿದ. ಅಳತೆ ಏನಿದ್ದರೂ ಸಂತೆಯ ದಿನ, ಜನ ಓಡಾಡುವ ಹೊತ್ತಿನಲ್ಲಿ. ಮೈಲಿಗೊಂದು ಗುಡ್ಡೆಯನ್ನು ಎಲ್ಲರೆದುರು ಸೀಳಿಸುವುದು. ಮಣ್ಣು ಸಿಕ್ಕಿದರೆ ಆ ಮೈಲಿಗೇ ಬಿಲ್ಲಿಲ್ಲ, ಸೀಳಿದ ಗುಡ್ಡೆಯನ್ನು ಮುಂದಿನ ಮಳೆಗಾಲದವರೆಗೆ ಯಾರೂ ಮುಟ್ಟುವಂತಿಲ್ಲ. ಯಾವ ಗುಡ್ಡೆ ಎಂದು ತೋರಿಸುವವನು ಅವನಲ್ಲ, ದಾರಿಯಲ್ಲಿ ಬಂದ ಯಾರಾದರೊಬ್ಬರು. ಹಿಂದಿನ ದಿನ ಕಾಫಿಗೆ ಕರೆದು ಪೂಸಿ ಹೊಡೆಯುವವರಿಗೆ ಅವನದು ಒಂದೇ ಉತ್ತರ: ನನಗೇ ಗೊತ್ತಿಲ್ಲದ್ದನ್ನು ನಾನು ಹೇಗೆ ಮಾರಲಿ?

ಹೀಗಿರುವಾಗ ಆ ವರ್ಷದ ಕಂಟ್ರಾಕ್ಟು ಜಯಪ್ಪನಿಗೆ ಸಿಕ್ಕಿತು. ಜಯಪ್ಪನೂ ಕೊಡ್ಲಿಪೇಟೆ ಕಡೆಯವನೇ, ಕಲ್ಲೇಶಪ್ಪನ ಜಾತಿಯವನೇ. ಮಗನಿಗೆ ಕಲ್ಲೇಶಪ್ಪನ ಮಗಳು ಸುಲೋಚನಾಳನ್ನು ತಂದುಕೊಳ್ಳುವ ಮಾತಾಗಿತ್ತು, ವೀಳ್ಯ ಒಂದು ಬಾಕಿ. ತಮ್ಮವರೇ ಅಪರೂಪವಾದ ಆ ಸೀಮೆಯಲ್ಲಿ ಎರಡು ವರ್ಷ ಅಲೆದ ಮೇಲೆ ಕೂಡಿಬಂದ ಸಂಬಂಧ. ಕಲ್ಲೇಶಪ್ಪನ ಹೆಂಡತಿ ಸುಮಿತ್ರಮ್ಮ ಮದುವೆಯ ಸೀರೆಗಳಲ್ಲಿ ಅರ್ಧದಷ್ಟನ್ನು ಆಗಲೇ ಕೊಂಡಿದ್ದಳು. ಹುಡುಗ ಬಂದು ನೋಡಿಹೋದ ದಿನದಿಂದ ಸುಲೋಚನಾ ಕೆಲಸ ಮಾಡುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು.

ಸಂತೆಯ ದಿನ ಎಸ್ಟೇಟಿನ ಕೂಲಿಗಳ ಲೈನಿನಿಂದ ಚೋಮಿ ಎಂಬ ಮುದುಕಿ ಬುಟ್ಟಿ ಹೊತ್ತು ಬರುತ್ತಿದ್ದಳು. ಯಾವುದಾದರೂ ಒಂದು ಗುಡ್ಡೆ ತೋರಿಸೆಂದು ಕಲ್ಲೇಶಪ್ಪ ಅವಳನ್ನು ಕೇಳಿದ. ಚೋಮಿ ದೂರದ ಅತ್ತಿಮರದ ಬುಡದ ಗುಡ್ಡೆಯ ಕಡೆಗೆ ಕೈ ಎತ್ತಿದಳು. ಅಷ್ಟರಲ್ಲಿ ಜಯಪ್ಪ ನಡುವೆ ಬಂದು, ಪಾಪ ಬಿಸಿಲಲ್ಲಿ ಯಾಕೆ ನಿಂತಿದ್ದೀಯ, ಹತ್ತಿರದ್ದನ್ನೇ ತೋರಿಸಿ ಸಂತೆಗೆ ಹೋಗು ಎಂದ. ದೊಡ್ಡವರು ಹೇಳಿದರೆಂದು ಅವಳು ತನ್ನ ಕಾಲಬುಡದ ಗುಡ್ಡೆಯನ್ನೇ ತೋರಿಸಿದಳು. ಆಳುಗಳು ಸೀಳಿದರು. ಬುಡದವರೆಗೂ ಶುದ್ಧ ಜಲ್ಲಿ. ಸೇರಿದ್ದ ಜನ ಹೊರಡಲು ತೊಡಗಿದರು. ಜಯಪ್ಪ ಮೊದಲ ಬಾರಿಗೆ ನಾಲ್ಕು ಜನರೆದುರು ಕಲ್ಲೇಶಪ್ಪನನ್ನು "ಬೀಗರೇ" ಎಂದು ಕರೆದು ಸುಣ್ಣದ ಬಕೆಟ್ಟಿನತ್ತ ಕೈ ತೋರಿಸಿದ.

ಪದ್ಧತಿಯ ಪ್ರಕಾರ ಅಲ್ಲಿಗೆ ಕೆಲಸ ಮುಗಿದಿತ್ತು. ಸುಮ್ಮನಿದ್ದಿದ್ದರೆ ಯಾರೂ ಕಲ್ಲೇಶಪ್ಪನತ್ತ ಬೆರಳು ತೋರಿಸುತ್ತಿರಲಿಲ್ಲ. ಆದರೆ ಅತ್ತಿಮರದ ಕಡೆ ಕೈ ಏಳುತ್ತಲೇ ಜಯಪ್ಪನ ಮುಖ ಬಿಳಿಚಿಕೊಂಡದ್ದನ್ನು ಕಲ್ಲೇಶಪ್ಪ ಕಂಡಿದ್ದ. ಬೇರೆ ಕಂಟ್ರಾಕ್ಟರನ ಮುಖ ಹಾಗೆ ಬಿಳಿಚಿದ್ದರೆ ನಾನು ಬಿಡುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿತ್ತು. ಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ಮಗಳ ನೆನಪಾಗಿ ಸುಣ್ಣದ ಬಕೆಟ್ಟಿಗೆ ಕೈ ಹಾಕಿಯೂ ಬಿಟ್ಟ. ಆಮೇಲೆ ಕೈ ಹಿಂದಕ್ಕೆ ತೆಗೆದ.

"ಚೋಮಿ," ಎಂದ, "ನೀನು ಮೊದ್ಲು ಕೈ ಎತ್ತಿದ್ದು ಯಾವ ಗುಡ್ಡೆಗವ್ವ?"

ಚೋಮಿ ಅತ್ತಿಮರ ತೋರಿಸಿದಳು. ಗುದ್ದಲಿಯ ಎರಡನೇ ಏಟಿಗೇ ಕೆಂಪು ಮಣ್ಣು ಸುರಿಯಿತು. ಜಯಪ್ಪ ಗಾಡಿ ಹತ್ತಿ ಹೋದ. ಮರುವಾರ ಸಂಬಂಧ ಬೇಡವೆಂದು ಹೇಳಿಕಳಿಸಿದ.

ಆ ಗುಡ್ಡೆ ಮಳೆಗಾಲದವರೆಗೂ ಹೊಟ್ಟೆ ಸೀಳಿಕೊಂಡೇ ಬಿದ್ದಿತ್ತು. ಸಂತೆಗೆ ಹೋಗುವವರೆಲ್ಲ ನಿಂತು ನೋಡಿದರು, ಮೇಸ್ತ್ರಿ ಬೀಗನನ್ನೇ ಬಿಡಲಿಲ್ಲವೆಂಬ ಸುದ್ದಿ ಪೊನ್ನಂಪೇಟೆಯಾಚೆಗೂ ಮುಟ್ಟಿತು. ಮುಂದಿನ ಎರಡು ವರ್ಷ ಆ ರಸ್ತೆಯಲ್ಲಿ ಹಿಡಿ ಮಣ್ಣೂ ಸಿಗಲಿಲ್ಲ. ಕಂಟ್ರಾಕ್ಟರುಗಳು ಹೆದರಿದ್ದರು. ಹೆಣ್ಣು ಕೇಳಿಕೊಂಡು ಬರುವವರೂ ಹೆದರಿದ್ದರು. ಬೀಗತನಕ್ಕೂ ಬಗ್ಗದ ಮನುಷ್ಯನ ಮನೆಯ ಹೆಣ್ಣು ಯಾರಿಗೆ ಬೇಕು? ಇಂಜಿನಿಯರ್ ದೊರೆ ಬೆನ್ನು ತಟ್ಟಿ ಹೊಗಳಿದ ದಿನ ಕಲ್ಲೇಶಪ್ಪನಿಗೆ ಅಳು ಬರುವಂತಾಯಿತು.

ಅಂದು ಸಂಜೆ ಊಟಕ್ಕೆ ಕೂತವನು ಎರಡು ವರ್ಷದಿಂದ ಮನಸ್ಸಿನಲ್ಲಿದ್ದುದನ್ನು ಮಗಳಿಗೆ ಕೇಳಿಯೇ ಬಿಟ್ಟ. "ನನ್ ಮೇಲೆ ಸಿಟ್ಟೈತೇನವ್ವ?"

ಸುಲೋಚನಾ ರೊಟ್ಟಿ ಬಡಿಸುತ್ತಿದ್ದಳು. "ಐತೆ ಅಪ್ಪ," ಎಂದಳು. "ನಿಮ್ ಜಾಗದಾಗೆ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಅದ್ಕೇ ಈ ಸಿಟ್ಟನ್ನ ಯಾರ ಮೇಲೆ ತೀರಿಸ್ಕಳ್ಳದು ಅಂತ ಗೊತ್ತಾಗಾಕಿಲ್ಲ."

ಅವಳು ಅಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು.