ಗುಡ್ಡದ ಘಮವೋ, ಗಿರಣಿಯದೋ

ಊರೂರು ಅಲೆದು ಕಾಫಿ ಮಾರುವ ನಾನು ಅಂದು ಹುರಿದ ಬೀಜ ಹೊತ್ತು, ಅದನ್ನು ಪುಡಿಮಾಡುವ ಮಿಷಿನ್ ಮರೆತು ದಾವಣಗೆರೆಯಲ್ಲಿ ಇಳಿದೆ. ಇನ್ನೊಂದು ತಾಸಿಗೆ ಹರಿಹರದ ಹೋಟೆಲ್ ಯಜಮಾನರು ರುಚಿ ನೋಡುವವರಿದ್ದರು. ಅವರು ಒಪ್ಪದಿದ್ದರೆ ಬಾಬಾಬುಡನ್‌ಗಿರಿಯ ಆರು ಸಣ್ಣ ಬೆಳೆಗಾರರ ಫಸಲು ಗೋದಾಮಿನಲ್ಲೇ ಉಳಿಯುತ್ತಿತ್ತು.

ವಿನೋಬನಗರದ ಹಿಟ್ಟಿನ ಗಿರಣಿಗೆ ಓಡಿದೆ. ಗಿರಣಿಯ ಚಾಚಾ ಆಗಷ್ಟೇ ಮದುವೆ ಬಿರಿಯಾನಿಯ ಮಸಾಲೆ ಬೀಸಿ ಮುಗಿಸಿದ್ದರು.

"ಹೆದರಬ್ಯಾಡ್ರಿ ಅಕ್ಕಾರೆ, ಒಂದು ಹಿಡಿ ಅಕ್ಕಿ ಬೀಸಿದ್ರೆ ವಾಸ್ನೆ ಎಲ್ಲಾ ಹೋಗ್ತೈತೆ."

ಹೋಗಲಿಲ್ಲ. ಹರಿಹರದವರೆಗೂ ಬೀಸಿದ ಕಾಫಿಪುಡಿಯ ಪೊಟ್ಟಣ ಮೂಸುತ್ತಲೇ ಇದ್ದೆ, ಮೂಸಿದಾಗೆಲ್ಲ ಲವಂಗ.

ಯಜಮಾನರು ಹಾಲಿಲ್ಲದ ಡಿಕಾಕ್ಷನ್ ಗುಟುಕರಿಸಿ ಕಣ್ಣು ಮುಚ್ಚಿದರು.

"ಇದೇನ್ರೀ ಮೇಡಂ, ಲವಂಗದ ಘಮ ಐತಲ್ಲ?"

"ಮೆಣಸಿನ ಬಳ್ಳಿ, ಏಲಕ್ಕಿ ಗಿಡಗಳ ನಡುವೆ, ಮರದ ನೆರಳಲ್ಲಿ ನಿಧಾನಕ್ಕೆ ಹಣ್ಣಾಗುತ್ತೆ ಸರ್. ಗುಡ್ಡದ ಗುಣ," ಎಂದೆ. ದೇಶವಿದೇಶಗಳಲ್ಲಿ ಧೈರ್ಯವಾಗಿ ಹೇಳಿಕೊಂಡು ಬಂದ ಮಾತಿಗೆ ಅಂದು ಮಾತ್ರ ನಾಲಿಗೆ ತಡವರಿಸಿತು.

"ಪ್ರತಿ ತಿಂಗಳು ಪುಡಿ ಕಳಿಸ್ರಿ. ಆದ್ರೆ ಇದೇ ಘಮ ಇರಬೇಕು ನೋಡ್ರಿ."

ಅಂದಿನಿಂದ ನಾನು ಗುಡ್ಡದ ಮಳೆ ಬಿಸಿಲು ವಿಚಾರಿಸುವುದಿಲ್ಲ. ಚಾಚಾಗೆ ಫೋನ್ ಮಾಡಿ, ಓಣಿಯಲ್ಲಿ ಮುಂದಿನ ಮದುವೆ ಯಾವಾಗ ಎಂದು ಕೇಳುತ್ತೇನೆ.