ಗೆರೆಯ ನಡುಕ ಯಾರದು?

೧೯೯೭ರ ಚಳಿಗಾಲದಲ್ಲಿ ನಾನು ಹುಮನಾಬಾದಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಅದಕ್ಕೂ ಮೊದಲು ನಾನು ಮನೆ ಬಿಟ್ಟು ಬೇರೆಲ್ಲೂ ದುಡಿದವಳಲ್ಲ. ಕಾನ್ವೆಂಟಿನಲ್ಲಿ ಓದಿದ್ದರಿಂದ ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓದಿ ತಿಳಿದುಕೊಳ್ಳಬಲ್ಲೆ ಎಂಬುದೊಂದೇ ನನ್ನ ಅರ್ಹತೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ, ಸಾರು ಕುದಿಸಿಟ್ಟು, ಮಾಣಿಕನಗರದಿಂದ ಆಟೋ ಹಿಡಿದು ಬರುತ್ತಿದ್ದೆ. ಮಧ್ಯಾಹ್ನದ ಊಟಕ್ಕೆ ಮತ್ತೆ ಮನೆಯಲ್ಲಿರುತ್ತಿದ್ದೆ.

ಯಂತ್ರ ಸಣ್ಣದು. ಬಿಸಿಯಾದ ಒಂದು ಸೂಜಿ, ಅದರ ಕೆಳಗೆ ಸೆಕೆಂಡಿಗೆ ಇಪ್ಪತ್ತೈದು ಮಿಲಿಮೀಟರ್ ಸರಿಯುವ ಚೌಕಳಿ ಕಾಗದ. ಹೃದಯದ ಪ್ರತಿ ಬಡಿತಕ್ಕೂ ಹುಟ್ಟುವ ವಿದ್ಯುತ್ತು ಒಂದು ಮಿಲಿವೋಲ್ಟಿನ ಆಸುಪಾಸು, ಅಂದರೆ ವೋಲ್ಟಿನ ಸಾವಿರದಲ್ಲೊಂದು ಪಾಲು. ಕೈಕಾಲಿಗೆ ಕಟ್ಟಿದ ಲೋಹದ ಪಟ್ಟಿಗಳು, ಎದೆಗೆ ಅಂಟಿಸಿದ ಪುಟ್ಟ ಬಲೂನಿನಂಥ ರಬ್ಬರ್ ಬುಗ್ಗೆಗಳು ಅಷ್ಟು ಸಣ್ಣದನ್ನು ಹಿಡಿದು ತರಬೇಕು. ಗೋಡೆಯೊಳಗಿನ ವೈರು, ತಲೆಯ ಮೇಲಿನ ಟ್ಯೂಬ್‌ಲೈಟು, ರೋಗಿಯ ಸ್ನಾಯುಗಳು, ಇವೆಲ್ಲವೂ ಅದೇ ದಾರಿಯಲ್ಲಿ ತಮ್ಮ ಮಾತನ್ನೂ ತೂರಿಸುತ್ತವೆ. ನಮಗೆ ಬೇಕಾದದ್ದು ಸಿಗ್ನಲ್, ಬೇಡದ್ದು ನಾಯ್ಸ್. ಯಂತ್ರ ಕೂಡಿಸಲು ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರು ಫಿಲ್ಟರ್ ಎಂಬ ಗುಂಡಿ ತೋರಿಸಿ ನಗುತ್ತಾ ಹೇಳಿದ್ದ: “ಮೇಡಂ, ಇದು ಜರಡಿ. ಆದ್ರ ಇದಕ್ಕ ಹೊಟ್ಟು ಯಾವುದು, ಹಿಟ್ಟು ಯಾವುದು ಅಂತ ಗೊತ್ತಿಲ್ಲ. ಸಣ್ಣದೆಲ್ಲಾ ಒಂದೇ ಅಂತ ತಿಳಕೊಳ್ತದ.”

ಆ ಬುಧವಾರ ವಾರ್ಡಿನ ಕಿಟಕಿ ಬದಿಯ ಕಬ್ಬಿಣದ ಮಂಚದಲ್ಲಿ ಮಹಾದೇವಿ ಎಂಬ ಬಾಣಂತಿ ಇದ್ದಳು. ತವರು ಬಸವಕಲ್ಯಾಣ, ಗಂಡನ ಮನೆ ಹುಡಗಿ ಎಂಬ ಊರು. ಚೊಚ್ಚಲ ಹೆರಿಗೆ, ಹೆಣ್ಣುಮಗು, ಮೂರನೆಯ ದಿನ. ಆಕೆ ಮಲಗಿರಲಿಲ್ಲ, ಗೋಡೆಗೆ ಎರಡು ದಿಂಬು ಆನಿಸಿ ಒರಗಿದ್ದಳು. ತುಟಿಯ ಬಣ್ಣ ನನಗೆ ಹಿಡಿಸಲಿಲ್ಲ. ನೇರಳೆಹಣ್ಣು ತಿಂದು ಒರೆಸಿಕೊಂಡಂತಿತ್ತು.

ಬೆಳಗಿನ ಸುತ್ತಿನಲ್ಲಿ ನಮ್ಮ ಹೆರಿಗೆ ವೈದ್ಯೆ ಡಾಕ್ಟರಬಾಯಿ ಅವಳ ಕೈ ಹಿಡಿದು ಬಹಳ ಹೊತ್ತು ನಿಂತಿದ್ದರು. ನಾಡಿ ಒಂದೇ ಸಮ ಇಲ್ಲ ಎಂದು ಅನುಮಾನ, ಆದರೆ ಖಾತ್ರಿಯಿಲ್ಲ. ರಕ್ತ ಕಡಿಮೆಯಾದ ಬಾಣಂತಿಗೂ ಎದೆ ಜೋರಾಗಿ ಬಡಿಯುತ್ತದೆ, ಮೇಲುಸಿರೂ ಬರುತ್ತದೆ. ಹೃದಯದ ವೈದ್ಯರು ನಮ್ಮಲ್ಲಿಗೆ ವಾರಕ್ಕೊಮ್ಮೆ ಮಾತ್ರ ಬರುತ್ತಿದ್ದರು. ಅಷ್ಟರಲ್ಲಿ ಆಪರೇಷನ್ ಕೋಣೆಯಿಂದ ಸಿಸೇರಿಯನ್ನಿಗೆ ಕರೆ ಬಂತು.

“ಒಂದು ಇಸಿಜಿ ತಗೀರಿ,” ಎಂದರು ನನಗೆ. “ನಾ ಓಟಿಯಿಂದ ಬಂದು ನೋಡ್ತೀನಿ. ಸರಿ ಇದ್ರ ಇವತ್ತೇ ಮನಿಗಿ ಹೋಗ್ಲಿ.”

ಬಾಗಿಲ ಮುಂದೆ ಜೀಪು ಆಗಲೇ ಬಂದು ನಿಂತಿತ್ತು. ಐದನೆಯ ದಿನದ ಪೂಜೆ ತವರಿನಲ್ಲೇ ಆಗಬೇಕೆಂದು ಮಹಾದೇವಿಯ ತಾಯಿ ಗಂಗಮ್ಮ ಗಂಟುಮೂಟೆ ಕಟ್ಟಿಕೊಂಡು ಕುಳಿತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ರಾಹುಕಾಲ. ಅದರೊಳಗೆ ಹೊಸ್ತಿಲು ದಾಟಬೇಕು. ಹುಡಗಿಯಿಂದ ಬಂದಿದ್ದ ಅತ್ತೆ ಶರಣಮ್ಮ ಎದುರಿನ ಸ್ಟೂಲಿನ ಮೇಲೆ ಮಗುವನ್ನು ಇಟ್ಟುಕೊಂಡು ಕೂತಿದ್ದರು.

“ನಿಮ್ಮ ಊರಾಗ ಏನು, ರಾಹು ಬಸ್ಸು ಹಿಡದು ಬರ್ತಾನೇನ್ರಿ?” ಎಂದರು ಶರಣಮ್ಮ.

“ಹುಡಗಿಗಿ ಬಸ್ಸು ಇಲ್ಲ ಅಂತ ಅಲ್ಲಿ ಬರಂಗಿಲ್ಲ ಬಿಡ್ರಿ ಬೀಗತಿ,” ಎಂದು ಗಂಗಮ್ಮ ಸೆರಗು ಸರಿಮಾಡಿಕೊಂಡರು.

ಮಹಾದೇವಿ ನಗಲು ಹೋಗಿ ಕೆಮ್ಮಿದಳು.

ಪಟ್ಟಿ ಕಟ್ಟಿ, ಜೆಲ್ಲಿ ಹಚ್ಚಿ, ಯಂತ್ರ ಚಾಲು ಮಾಡಿದೆ. ಬಂದ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಡಿತದ ಶಿಖರಗಳೇನೋ ಇದ್ದವು. ನಡುವಿನ ಗೆರೆ ಮಾತ್ರ ಗೆರೆಯೇ ಅಲ್ಲ; ದಪ್ಪ, ಕಪ್ಪು, ಒರಟು. ಭೂತಗನ್ನಡಿ ಹಿಡಿದರೆ ಗರಗಸದ ಹಲ್ಲು. ಅದರ ಮೇಲೆ ಲೆಕ್ಕಕ್ಕೆ ಸಿಗದ ಮುಳ್ಳುಗಳು ಬೇರೆ. ಫಿಲ್ಟರ್ ಗುಂಡಿ ಒತ್ತಿ ನೋಡಿದೆ. ಹಲ್ಲುಗಳು ಮಾಯವಾಗಿ ಗೆರೆ ಚೆಂದವಾಯಿತು. ಆದರೆ ಶಿಖರಗಳೂ ಒಂದಿಷ್ಟು ಕುಗ್ಗಿದವು. ಇನ್ನೇನೇನು ಹೋಗಿರಬಹುದು ಎಂದು ಹೇಳುವವರಾರು? ಗುಂಡಿ ಬಿಟ್ಟೆ. ನಡುಕ ಮರಳಿ ಬಂತು.

ಆ ಚೆಂದದ ಗೆರೆಯನ್ನು ಗಂಗಮ್ಮ ನೋಡಿಬಿಟ್ಟಿದ್ದರು. “ಈಗ ಛಲೋ ಬಂದಿತ್ತಲ್ರಿ ಬಾಯಿ! ಅದೇ ಕೊಡ್ರಿ.”

ಹಲ್ಲುಗಳನ್ನು ಎಣಿಸಿದೆ. ಒಂದು ದೊಡ್ಡ ಚೌಕದಲ್ಲಿ ಹತ್ತು. ದೊಡ್ಡ ಚೌಕವೆಂದರೆ ಸೆಕೆಂಡಿನ ಐದರಲ್ಲೊಂದು ಪಾಲು, ಆದ್ದರಿಂದ ಸೆಕೆಂಡಿಗೆ ಐವತ್ತು. ನಮ್ಮ ಮನೆಮನೆಯ ಕರೆಂಟು ಮಿಡಿಯುವುದು ಅಷ್ಟೇ ಸಲ. ಹಾಗಿದ್ದರೆ ಇದು ಮಹಾದೇವಿಯದಲ್ಲ, ಗೋಡೆಯ ಪ್ಲಗ್ಗಿನದು. ಟ್ಯೂಬ್‌ಲೈಟು ಆರಿಸಿದೆ. ಹಲ್ಲು ಹಾಗೇ ಇತ್ತು.

ಕಾಲಿನ ಪಟ್ಟಿ ಸರಿಮಾಡಲು ಬಗ್ಗಿದಾಗ ಅಜವಾನ, ಎಂದರೆ ಓಮದ ಕಾಳು, ಹುರಿದ ವಾಸನೆ ಬಂತು. ವಾರ್ಡಿನಲ್ಲಿ ಅಜವಾನ ಹುರಿಯುವವರಾರು? ಮಂಚದ ಕಬ್ಬಿಣದ ಪಟ್ಟಿ ಮುಟ್ಟಿದರೆ ಬೆಚ್ಚಗಿತ್ತು. ಇಳಿಬಿಟ್ಟ ಕೌದಿಯ ಅಂಚು ಎತ್ತಿದೆ. ಕೆಳಗೆ ಇಟ್ಟಿಗೆಯ ಮೇಲೆ ಕಾಯಿಲ್ ಹೀಟರು ಕೆಂಪಗೆ ಉರಿಯುತ್ತಿತ್ತು, ಸುತ್ತ ಕರಿದಾದ ಅಜವಾನದ ಕಾಳು. ವೈರು ಟ್ರಂಕಿನ ಹಿಂದೆ ಹೋಗಿ ಗೋಡೆಯ ಪ್ಲಗ್ಗಿಗೆ ಸೇರಿತ್ತು. ಅಲ್ಲಿ ಪಿನ್ನಿನ ಬದಲು ಬರೀ ತಂತಿಗಳನ್ನು ಕಡ್ಡಿಯಿಂದ ತುರುಕಿದ್ದರು.

“ಇದೇನ್ರಿ ಗಂಗಮ್ಮ?”

“ಬಾಣಂತಿಗಿ ಕೆಂಡ ಕಾಸಬ್ಯಾಡ್ರಿ ಅಂತ ಡಾಕ್ಟರಬಾಯಿ ಅಂದ್ರು. ಇದು ಕೆಂಡ ಅಲ್ಲಲ್ರಿ, ಕರೆಂಟು!”

ಶರಣಮ್ಮ ಮಗುವಿನ ಸಮೇತ ಅಲುಗಾಡುತ್ತಾ ನಕ್ಕರು. “ನೋಡ್ರಿ, ನಮ್ಮ ಸೊಸಿ ಎದಿ ನಡುಗಾಕತ್ತದ ಅಂತ ನಾವು ಫಿಕರ್ ಮಾಡಾಕತ್ತೀವಿ. ಬೀಗತಿ ಆಕಿನ್ನ ರೊಟ್ಟಿ ಬೇಯಿಸಿದಂಗ ಬೇಯಿಸಾಕತ್ತಾರ!”

ಅದು ಬರೀ ನಗುವ ಸಂಗತಿಯಾಗಿರಲಿಲ್ಲ. ಆ ತಂತಿ ಮಂಚಕ್ಕೆ ತಗುಲಿದ್ದರೆ ಮಹಾದೇವಿಯ ಜೀವವೇ ಹೋಗಬಹುದಿತ್ತು. ವಾರ್ಡಿನ ಸ್ವಿಚ್ಚು ಆರಿಸಿ ತಂತಿ ಕೀಳಿಸಿ, ಸ್ವಿಚ್ಚು ತಿರುಗಿ ಹಾಕಿದೆ. ಮತ್ತೆ ಕಾಗದ ಓಡಿಸಿದೆ. ಹಲ್ಲುಗಳು ಪೂರ್ತಿ ಹೋಗಿದ್ದವು.

ಎಲ್ಲರ ಮುಖವೂ ಸಡಿಲವಾಯಿತು. ಕಾರಣ ಸಿಕ್ಕಿತು, ಇನ್ನೇನು. ಗಂಗಮ್ಮ ಗಂಟು ಎತ್ತಿಕೊಂಡರು. ಹೊರಗೆ ಜೀಪಿನ ಹಾರನ್ನು. ನನ್ನ ಭಯ ಹೆಚ್ಚಿದ್ದು ಆ ಗಳಿಗೆಯಿಂದಲೇ. ಒಂದು ಕಾರಣ ಸಿಕ್ಕ ಕೂಡಲೇ ಉಳಿದದ್ದಕ್ಕೂ ಅದೇ ಕಾರಣವೆಂದು ಮನಸ್ಸು ಒಪ್ಪಿಬಿಡುತ್ತದೆ. ಗೆರೆಯಲ್ಲಿ ಮುಳ್ಳುಗಳು ಇನ್ನೂ ಇದ್ದವು.

“ಜರಾ ತಡೀರಿ, ಇನ್ನೊಮ್ಮೆ ತಗೀತೀನಿ,” ಎಂದೆ.

“ಮಷೀನಿಂದು ತಪ್ಪು, ನಮ್ಮ ಹುಡುಗಿಗ್ಯಾಕ ತೊಂದ್ರಿ ಕೊಡ್ತೀರಿ ಬಾಯಿ? ಹೊತ್ತು ಹೊಂಟದ.” ಗಂಗಮ್ಮನ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. ಮಗಳನ್ನು ಹೇಗಾದರೂ ಮನೆ ಮುಟ್ಟಿಸಿದರೆ ಎಲ್ಲ ಸರಿಹೋಗುತ್ತದೆಂದು ಆ ತಾಯಿ ನಂಬಿದ್ದರು.

ಕಾಗದ ಓಡುತ್ತಿದ್ದಾಗ ಮುಳ್ಳುಗಳ ರೀತಿ ನೋಡಿದೆ. ಅವಕ್ಕೆ ಲೆಕ್ಕವಿಲ್ಲ, ಅಳತೆಯಿಲ್ಲ. ಒಮ್ಮೆ ಗುಂಪಾಗಿ, ಒಮ್ಮೆ ಬಿಡಿಯಾಗಿ. ಇಂಥದ್ದನ್ನೇ ರ್‍ಯಾಂಡಮ್ ಎನ್ನುವುದು: ಮುಂದಿನದು ಯಾವಾಗ, ಎಷ್ಟು ಎತ್ತರ ಎಂದು ಹಿಂದಿನದನ್ನು ನೋಡಿ ಹೇಳಲಾಗದು. ಹಾಗೆಂದು ಅದಕ್ಕೆ ಕಾರಣ ಇರುವುದಿಲ್ಲ ಎಂದಲ್ಲ. ಮಗು ಅತ್ತಾಗೆಲ್ಲ ಮುಳ್ಳು ಹೆಚ್ಚುತ್ತಿದ್ದವು. ಮಗುವಿನತ್ತ ಕೈ ಚಾಚಬಾರದೆಂದು ಮಹಾದೇವಿ ತೋಳು ಬಿಗಿಹಿಡಿದಿದ್ದಳು. ಬಿಗಿದ ಸ್ನಾಯುವಿಗೂ ತನ್ನದೇ ವಿದ್ಯುತ್ತು ಉಂಟು. ಶರಣಮ್ಮನಿಂದ ಮಗುವನ್ನು ಇಸಿದುಕೊಂಡು ಆಕೆಯ ಪಕ್ಕಕ್ಕೆ ಮಲಗಿಸಿದೆ. ಕಾಲಿಗೆ ರಗ್ಗು ಹೊದಿಸಿದೆ. ಮಗು ಮೂಗು ಉಜ್ಜಿಕೊಂಡು ಸುಮ್ಮನಾಯಿತು. ತಾಯಿಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಮುಳ್ಳುಗಳು ಅಡಗಿದವು.

ಈಗ ಗೆರೆ ತೆಳ್ಳಗೆ, ಸ್ಪಷ್ಟವಾಗಿತ್ತು. ಆದರೂ ನಿಂತಿರಲಿಲ್ಲ. ಎರಡು ಶಿಖರಗಳ ನಡುವೆ ಸಣ್ಣಗೆ ಅಲುಗುತ್ತಿತ್ತು, ಕೆರೆಯ ನೀರಿನ ಮೇಲೆ ಗಾಳಿ ಆಡಿದಂತೆ. ಒಂದು ಅಲೆಯಂತೆ ಇನ್ನೊಂದಿಲ್ಲ. ಪ್ರತಿ ಶಿಖರದ ಮುಂದೆ ಇರಬೇಕಾದ ಸಣ್ಣ ಗುಡ್ಡ ಎಲ್ಲಿಯೂ ಕಾಣಲಿಲ್ಲ.

“ಮಹಾದೇವಿ, ದಿಂಬು ತಗದು ನೆಟ್ಟಗ ಮಲಗ್ತೀಯೇನವ್ವ?” ಎಂದೆ.

“ಬ್ಯಾಡ್ರಿ ಅಕ್ಕಾ,” ಎಂದಳು ಅವಳು ದನಿ ತಗ್ಗಿಸಿ. ಆ ಬೆಳಿಗ್ಗೆ ಅವಳು ಆಡಿದ ಮೊದಲ ಮಾತು ಅದು. “ಮಲಗಿದ್ರ ಎದಿ ಮ್ಯಾಲ ಯಾರೋ ಕುಂತಂಗ ಆಗ್ತದ. ಅವ್ವಗ ಹೇಳಬ್ಯಾಡ್ರಿ, ಅಂಜತಾಳ.”

ಒಂದು ಬಿಳಿ ಕಾಗದದ ಅಂಚನ್ನು ಗೆರೆಯ ಮೇಲಿಟ್ಟು, ಪಕ್ಕಪಕ್ಕದ ಮೂರು ಶಿಖರಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿದೆ. ಕುಪ್ಪಸದ ತೋಳಿನ ಅಳತೆ ಒಂದರಿಂದ ಇನ್ನೊಂದಕ್ಕೆ ತೆಗೆಯುವ ಹಾಗೆ ಕಾಗದವನ್ನು ಮುಂದಕ್ಕೆ ಸರಿಸಿದೆ. ಆರೋಗ್ಯವಂತರಲ್ಲಿ ಗುರುತುಗಳು ಹೆಚ್ಚುಕಡಿಮೆ ಕೂಡುತ್ತವೆ. ಇಲ್ಲಿ ಎಲ್ಲಿಯೂ ಕೂಡಲಿಲ್ಲ. ನನ್ನ ಕೈ ಅಲುಗಿತೇನೋ ಎಂದು ಮತ್ತೊಮ್ಮೆ ಮಾಡಿದೆ. ಬೇರೆ ಕಡೆಯ ಗೆರೆಗೂ ಮಾಡಿದೆ. ಎಲ್ಲ ಕಡೆಯೂ ಬಡಿತ ತನಗೆ ತೋಚಿದಾಗ ಬಂದಿತ್ತು. ಪ್ಲಗ್ಗಾಗಲಿ ಸ್ನಾಯುವಾಗಲಿ ಶಿಖರಗಳ ನಡುವಿನ ದೂರವನ್ನು ಬದಲಿಸಲಾರವು. ಅದು ಹೃದಯದ ಕೆಲಸವೇ.

ಆದರೆ ನಾನು ಯಾರು? ಮೂರು ತಿಂಗಳಿನ ಅನುಭವದವಳು. ಓಟಿಯೊಳಗೆ ಇನ್ನೊಬ್ಬಳ ಹೊಟ್ಟೆ ತೆರೆದು ನಿಂತಿರುವ ವೈದ್ಯರನ್ನು ಒಂದು ಅನುಮಾನಕ್ಕೆ ಕೂಗುವುದೇ? ಕೂಗದಿದ್ದರೆ ಜೀಪು ಹೊರಡುತ್ತದೆ. ಗಂಗಮ್ಮ ಮಗಳ ಸ್ವೆಟರು ಹಿಡಿದು ನಿಂತಿದ್ದರು. ಪಟ್ಟಿಗಳನ್ನು ಬಿಚ್ಚದೆ ಹಾಗೇ ಬಿಟ್ಟು, “ಇವು ಬಿಚ್ಚೂತನ ಯಾರೂ ಎಬ್ಬಸಬ್ಯಾಡ್ರಿ,” ಎಂದು ಹೇಳಿ, ಓಟಿಯ ಬಾಗಿಲಿಗೆ ಹೋಗಿ ಬಡಿದೆ.

“ಮಷೀನ್ ನಡುಗಾಕತ್ತದೋ, ಆಕಿ ನಡುಗಾಕತ್ತಾಳೋ?” ಒಳಗಿನಿಂದ ಡಾಕ್ಟರಬಾಯಿ ಕೇಳಿದರು.

“ಎರಡೂ ನಡುಗಿದ್ವು ಮೇಡಂ. ಎರಡೂ ನಿಲ್ಲಿಸೀನಿ. ಆದ್ರೂ ಗೆರಿ ನಡುಗಾಕತ್ತದ. ಬಡಿತದ ನಡುವಿನ ಅಳತಿ ಕೂಡವಲ್ದು.”

“ಹೊಲಿಗಿ ಮುಗಿಸಿ ಬಂದೆ. ಆಕಿನ್ನ ಮಲಗಿಸಬ್ಯಾಡ್ರಿ. ಕಳಿಸಬ್ಯಾಡ್ರಿ.”

ಅವರು ಬರುವವರೆಗಿನ ಹೊತ್ತು ನನಗೆ ಇವತ್ತಿಗೂ ಉದ್ದವೇ. ಗಂಗಮ್ಮ ನನ್ನನ್ನು ನೋಡುತ್ತಿರಲಿಲ್ಲ. ಹೊರಗೆ ಹಾರನ್ನು ಒಂದೇ ಸಮ ಕೂಗುತ್ತಿತ್ತು. ಶರಣಮ್ಮ ಎದ್ದುಹೋಗಿ ಬೈದು ನಿಲ್ಲಿಸಿ ಬಂದರು.

ಡಾಕ್ಟರಬಾಯಿ ಒದ್ದೆ ಕೈಯಲ್ಲೇ ಕಾಗದ ಹಿಡಿದು ನೋಡಿದರು. ಮಹಾದೇವಿಯನ್ನು ಎಡ ಮಗ್ಗುಲಿಗೆ ಹೊರಳಿಸಿ, ವಾರ್ಡಿನಲ್ಲಿ ಎಲ್ಲರನ್ನೂ ಸುಮ್ಮನಿರಿಸಿ, ಕಣ್ಣು ಮುಚ್ಚಿ ಎದೆ ಕೇಳಿದರು. ಆಮೇಲೆ ಗಂಗಮ್ಮನಿಗೆ ಒಂದೇ ಪ್ರಶ್ನೆ: “ಸಣ್ಣಾಕಿದ್ದಾಗ ಕೀಲು ಬಾತು ಜ್ವರ ಬಂದಿತ್ತೇನ್ರಿ?”

“ಬಂದಿತ್ರಿ... ಮೊಣಕಾಲು ಬಾತು ಶಾಲಿ ಬಿಟ್ಟಿದ್ಲು. ಅದಕ್ಕೂ ಇದಕ್ಕೂ ಏನ್ರಿ?”

ಆ ಜ್ವರ ಹೃದಯದ ಕವಾಟವೊಂದನ್ನು ಕಿರಿದು ಮಾಡಿತ್ತು. ಬಸುರಿನ ಭಾರದಲ್ಲಿ ಅದು ಸೋತಿತ್ತು. ಹೃದಯದ ಮೇಲಿನ ಕೋಣೆ ಬಡಿಯುವುದನ್ನು ಬಿಟ್ಟು ಬರೀ ಅದುರುತ್ತಿತ್ತು. ಏಟ್ರಿಯಲ್ ಫಿಬ್ರಿಲೇಷನ್ ಎಂದು ಅದಕ್ಕೆ ಹೆಸರು. ಶ್ವಾಸಕೋಶದಲ್ಲಿ ನೀರು ತುಂಬತೊಡಗಿತ್ತು. ಹಾಗೇ ತವರಿಗೆ ಕರೆದೊಯ್ದು ಚಾಪೆಯ ಮೇಲೆ ಅಂಗಾತ ಮಲಗಿಸಿದ್ದರೆ ರಾತ್ರಿ ಕಳೆಯುವುದು ಕಷ್ಟವಿತ್ತು ಎಂದು ಡಾಕ್ಟರಬಾಯಿ ಆಮೇಲೆ ನನಗೊಬ್ಬಳಿಗೇ ಹೇಳಿದರು. ನಾನು ಯಾವುದನ್ನು ನಾಯ್ಸ್ ಎಂದು ಒರೆಸಲು ಹೊರಟಿದ್ದೆನೋ, ಅದೇ ಸಿಗ್ನಲ್ ಆಗಿತ್ತು.

ನೀರಿಳಿಸುವ ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಹಚ್ಚಿ, ಉಸಿರು ಒಂದು ಹದಕ್ಕೆ ಬಂದ ಮೇಲೆ ಅದೇ ಮಧ್ಯಾಹ್ನ ಆಂಬುಲೆನ್ಸಿನಲ್ಲಿ ಹೈದರಾಬಾದಿಗೆ ಕಳಿಸಿದರು. ಹೊರಟಾಗ ರಾಹುಕಾಲ ಇನ್ನೂ ಮುಗಿದಿರಲಿಲ್ಲ. ಇಸಿಜಿ ಕಾಗದ ಹಿಡಿದು ಗಂಗಮ್ಮ ಹತ್ತಿದರು, ಮಗುವನ್ನು ಹಿಡಿದು ಶರಣಮ್ಮ. “ಅಂಜಬ್ಯಾಡ್ರಿ ಬೀಗತಿ, ನಾ ಇದ್ದೀನಿ,” ಎಂದು ಶರಣಮ್ಮ ಅನ್ನುವುದು ಬಾಗಿಲು ಮುಚ್ಚುವಾಗ ಕೇಳಿಸಿತು.

ಅಲ್ಲಿಂದ ಸುದ್ದಿ ಬರುವವರೆಗೆ ಮನೆಯಲ್ಲಿ ನಾನು ಮಾಡಿದ ಅಡುಗೆಗೆ ಉಪ್ಪು ಒಂದು ದಿನವೂ ಸರಿಬೀಳಲಿಲ್ಲ. ಕೊನೆಗೆ ಫೋನು ಬಂತು: ಔಷಧಕ್ಕೆ ಎದೆ ತಹಬಂದಿಗೆ ಬಂದಿದೆ, ತೊಡೆಯ ರಕ್ತನಾಳದಿಂದ ಬಲೂನು ಏರಿಸಿ ಕವಾಟ ಬಿಡಿಸಿದ್ದಾರೆ, ಮಹಾದೇವಿ ಮಗುವಿಗೆ ಹಾಲು ಕುಡಿಸುತ್ತಿದ್ದಾಳೆ.

ಆ ಆಸ್ಪತ್ರೆಯಲ್ಲಿ ನಾನು ಇನ್ನೂ ಹತ್ತು ವರ್ಷ ಕೆಲಸ ಮಾಡಿದೆ. ಕೆಲಸ ಕಲಿಸಿದ್ದು ಇಷ್ಟೇ: ಅರ್ಥವಾಗದ್ದನ್ನೆಲ್ಲ ನಾಯ್ಸ್ ಎಂದು ಕರೆಯುವುದು ಸುಲಭ, ಆದರೆ ಅದು ಎಲ್ಲಿಂದ ಬಂತೆಂದು ತೋರಿಸಲಾಗುವವರೆಗೆ ಒರೆಸುವ ಹಕ್ಕು ನಮಗಿಲ್ಲ. ಮೂಲ ಸಿಗದೆ ಉಳಿದ ನಡುಕಕ್ಕೆ ನಾನು ಪ್ರತಿ ಸಲವೂ ವೈದ್ಯರನ್ನು ಕರೆದೆ. ನಿಜ ಹೇಳಬೇಕೆಂದರೆ ಹೆಚ್ಚಿನ ಸಲ ಅದು ಸಡಿಲ ವೈರೋ, ಒಣಗಿದ ಜೆಲ್ಲಿಯೋ ಆಗಿರುತ್ತಿತ್ತು. “ಮತ್ತ ಸುಮ್ಮನ ಕರದ್ರೇನ್ರಿ?” ಎಂದು ಡಾಕ್ಟರಬಾಯಿ ಗದರುತ್ತಿದ್ದರು. ಬೈಸಿಕೊಂಡ ಆ ದಿನಗಳಲ್ಲಿ ನಾನು ಮನೆಗೆ ಹಗುರಾಗಿ ಹೋಗುತ್ತಿದ್ದೆ.